ಮುಟ್ಟದೆ ಕೊಡುವ ಮಾತ್ರೆ



ಪೋಸ್ಟ್ ಉದ್ದ ಇದೆ. ಹೆಂಗಸರ ವಿಷಯ ಅಂತ ಗಂಡಸರು ಅರ್ಧಕ್ಕೇ ಬಿಟ್ಟು ಹೋಗಬೇಡಿ. ನಿಮಗೋಸ್ಕರವೇ ಜಾಸ್ತಿ ಬರೆದಿದ್ದೀನಿ.

ಮೊನ್ನೆ ನಮ್ಮ ತಾಲ್ಲೂಕಿನಲ್ಲಿ ಅಂಬೇಡ್ಕರ್ ಜಯಂತಿಯ ಪೂರ್ವಭಾವಿ ಸಭೆ ಇತ್ತು. ಮೆರವಣಿಗೆ ಯಾವ ರಸ್ತೇಲಿ ಹೋಗಬೇಕು, ಫ್ಲೆಕ್ಸಲ್ಲಿ ಯಾರ ಫೋಟೋ ಇರಬೇಕು, ಊಟಕ್ಕೆ ಏನು ಮಾಡಿಸಬೇಕು, ಎಲ್ಲ ಎರಡು ಗಂಟೆ ಚರ್ಚೆ ಆಯ್ತು. ಕೊನೆಗೆ ನಾನು ಎದ್ದು ನಿಂತು, "ಆ ದಿನ ವೇದಿಕೆ ಮೇಲೆ ಅರ್ಧ ಗಂಟೆ ಒಬ್ಬ ಲೇಡಿ ಡಾಕ್ಟರ್ ಹತ್ರ ಮಾತಾಡಿಸೋಣ. ಲೈಂಗಿಕ ಸೋಂಕು, ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ" ಅಂದೆ. ಸಭೆಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಹಿರಿಯರೊಬ್ಬರು ನಿಧಾನಕ್ಕೆ ಅಂದ್ರು: "ವಿಷಯ ಒಳ್ಳೇದೇ ಕಣಮ್ಮ. ಆದ್ರೆ ಬಾಬಾಸಾಹೇಬರ ವೇದಿಕೆ ಮೇಲೆ ಅದೆಲ್ಲ ಬೇಡ. ಹೆಂಗಸರು ಹೆಂಗಸರೇ ಬೇರೆ ಕೂತು ಮಾತಾಡ್ಕೊಳ್ಳಿ."

ಅವರು ಕೆಟ್ಟವರಲ್ಲ. ಚಳವಳಿಗಾಗಿ ಲಾಠಿ ಏಟು ತಿಂದವರು, ಜೈಲಿಗೆ ಹೋಗಿಬಂದವರು. ಅವತ್ತು ಸುಮ್ಮನೆ ಕೂತುಬಿಟ್ಟೆ. ಮನೆಗೆ ಬಂದಮೇಲೆ ನಿದ್ದೆ ಬರಲಿಲ್ಲ. ಅವರಿಗೆ ಕೊಡಬೇಕಿದ್ದ ಉತ್ತರ ಇದು.

ಮೊದಲು ನಮ್ಮ ಚಿಕ್ಕವ್ವನ ಕತೆ ಹೇಳ್ತೀನಿ. ಹೆಸರು ಬೇಡ.

ಚಿಕ್ಕವ್ವ ಕೂಲಿ ಹೆಂಗಸು. ನಾಟಿ, ಕಳೆ, ಕಬ್ಬಿನ ಸೋಗೆ ತೆಗೆಯೋದು, ಯಾವ ಕೆಲಸ ಸಿಕ್ಕಿದ್ರೂ ಹೋಗೋಳು. ನನ್ನ ಬಿ.ಎ. ಫೀಸಿಗೆ ಕಿವಿಯ ಓಲೆ ಅಡ ಇಟ್ಟವಳು. ನಲವತ್ತೆರಡನೇ ವಯಸ್ಸಿಗೆ ಬಿಳುಪು ಹೋಗೋದು ಶುರುವಾಯ್ತು. ಸೊಂಟನೋವು, ಕಿಬ್ಬೊಟ್ಟೆ ನೋವು, ವಾಸನೆ. ಬಸ್ಸಲ್ಲಿ ಪಕ್ಕದಲ್ಲಿ ಯಾರಾದ್ರೂ ಕೂತರೆ ಎದ್ದು ನಿಂತುಬಿಡೋಳು. ಯಾಕೆ ಅಂತ ನಮಗೆ ಆಗ ಗೊತ್ತಾಗಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗೋಳು, ಮಾತ್ರೆ ತರೋಳು, ಹದಿನೈದು ದಿನ ಪರವಾಗಿಲ್ಲ, ಮತ್ತೆ ಅದೇ. ನಾಲ್ಕು ವರ್ಷ ಹೀಗೇ ನಡೀತು. ಆಮೇಲೆ ಗಂಡನ ಜೊತೆ ಸೇರಿದಾಗೆಲ್ಲ ರಕ್ತ ಬರೋಕೆ ಶುರುವಾಯ್ತು. ಅದನ್ನ ಯಾರಿಗೆ ಹೇಳೋದು? ಮುಟ್ಟು ನಿಲ್ಲೋ ಕಾಲ ಹತ್ರ ಬಂತು, ಅದಕ್ಕೇ ಹಿಂಗೆ ಅಂದ್ಕೊಂಡಳು.

ಒಂದು ದಿನ ಗದ್ದೇಲಿ ರಕ್ತ ಹೋಗಿ ಬಿದ್ದಾಗ ನಾನು ರಜೆ ಹಾಕಿ ಬೆಂಗಳೂರಿಗೆ ಕರಕೊಂಡು ಹೋದೆ. ಬಯಾಪ್ಸಿ ಆಯ್ತು. ಗರ್ಭಕೊರಳಿನ ಕ್ಯಾನ್ಸರ್, ಮೂರನೇ ಹಂತ. ಕರೆಂಟ್ ಕೊಟ್ರು (ರೇಡಿಯೇಶನ್‌ಗೆ ನಮ್ಮ ಕಡೆ ಹಾಗೇ ಅನ್ನೋದು). ಹದಿನಾಲ್ಕು ತಿಂಗಳು ಬದುಕಿದ್ದಳು.

ತಿಥಿ ಕಳೆದಮೇಲೆ ಅವಳ ಟ್ರಂಕಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಸಿಕ್ತು. ಒಳಗೆ ನಾಲ್ಕು ವರ್ಷದ ಓಪಿಡಿ ಚೀಟಿಗಳು. ಓದೋಕೆ ಬರದವಳು ಒಂದನ್ನೂ ಬಿಸಾಕಿರಲಿಲ್ಲ. ನನ್ನ ಕೆಲಸ ಕಡತ ನೋಡೋದು. ಯಾವ ದಿನ ಅರ್ಜಿ ಬಂತು, ಯಾರ ಟೇಬಲ್ಲಲ್ಲಿ ಎಷ್ಟು ದಿನ ಕೂತಿತ್ತು, ಏನು ಕ್ರಮ ಆಯ್ತು, ಇದನ್ನೇ ದಿನಾ ನೋಡೋಳು ನಾನು. ಆ ಹನ್ನೊಂದು ಚೀಟಿಗಳನ್ನ ತಾರೀಖಿನ ಪ್ರಕಾರ ಜೋಡಿಸಿದೆ. ಹನ್ನೊಂದರಲ್ಲೂ ದೂರು ಒಂದೇ, ಬಿಳುಪು. ಹನ್ನೊಂದರಲ್ಲೂ ಮಾತ್ರೆಯ ಹೆಸರು ಹೆಚ್ಚುಕಮ್ಮಿ ಒಂದೇ. ಒಳಗೆ ನೋಡಿ ಪರೀಕ್ಷೆ ಮಾಡಿದೆ ಅಂತ ಒಂದರಲ್ಲೂ ಬರೆದಿಲ್ಲ. ಮಂಚದ ಮೇಲೆ ಮಲಗಿಸಿ, ಸ್ಪೆಕ್ಯುಲಮ್ ಹಾಕಿ, ಟಾರ್ಚ್ ಬಿಟ್ಟು ಗರ್ಭಕೊರಳು ಹೇಗಿದೆ ಅಂತ ನೋಡೋಕೆ ಐದು ನಿಮಿಷ ಸಾಕು. ಹನ್ನೊಂದು ಸಲ ಹೋದವಳಿಗೆ ಆ ಐದು ನಿಮಿಷ ಸಿಗಲಿಲ್ಲ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಲೇಬೇಕು. ನಾನು ಡಾಕ್ಟರ್ ಅಲ್ಲ. ಚಿಕ್ಕವ್ವ ಹೋದಮೇಲೆ ಓದಿಕೊಂಡಿದ್ದು, ಡಾಕ್ಟರ್ ಸಂಗಾತಿಗಳ ಹತ್ರ ಕೇಳಿ ತಿಳ್ಕೊಂಡಿದ್ದು.

ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಅನ್ನೋ ವೈರಸ್. ಇದನ್ನ ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಲೈಂಗಿಕ ಸಂಪರ್ಕದಿಂದ ಬರುವ ಸೋಂಕು ಇದು. ಹಾಗಂದ ತಕ್ಷಣ "ಯಾರು ಕೆಟ್ಟೋರು" ಅಂತ ಹುಡುಕಬೇಡಿ. ಸಂಸಾರ ಮಾಡೋ ಬಹುಪಾಲು ಜನಕ್ಕೆ, ಗಂಡಸು ಹೆಂಗಸು ಇಬ್ಬರಿಗೂ, ಜೀವನದಲ್ಲಿ ಒಮ್ಮೆಯಾದರೂ ಇದು ತಗುಲುತ್ತೆ. ಗಂಡನೊಬ್ಬನನ್ನ ಬಿಟ್ಟು ಬೇರೆ ಯಾರನ್ನೂ ಕಾಣದ ಹೆಂಗಸಿಗೂ ಬರುತ್ತೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನ ಓಡಿಸುತ್ತೆ. ಕೆಲವರಲ್ಲಿ ಹೋಗಲ್ಲ, ಗರ್ಭಕೊರಳಲ್ಲೇ ಠಿಕಾಣಿ ಹೂಡುತ್ತೆ. ಹಾಗೆ ಉಳಿದ ವೈರಸ್ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಂದ್ರೆ ಹಿಡಿದು ನಿಲ್ಲಿಸೋಕೆ ಹದಿನೈದು ವರ್ಷ ಟೈಮಿದೆ. ಅಷ್ಟು ವರ್ಷ ಯಾರೂ ನೋಡದೇ ಇದ್ದಾಗಲೇ ಹೆಚ್ಚಾಗಿ ಈ ಕಾಯಿಲೆಯಿಂದ ಹೆಂಗಸು ಸಾಯೋದು.

ವೈರಸ್ ಕೆಲವರಲ್ಲಿ ಮಾತ್ರ ಯಾಕೆ ಉಳಿಯುತ್ತೆ? ಇಲ್ಲೇ ಜೊತೆ ಸೋಂಕುಗಳ ಮಾತು ಬರೋದು. ಲೈಂಗಿಕ ಸೋಂಕುಗಳು ಎಷ್ಟೋ ಸಲ ಜೊತೆಯಾಗಿ ಬರ್ತವೆ. ದಾರಿ ಒಂದೇ ಆದ್ದರಿಂದ ಒಂದು ಬಂದ ಕಡೆ ಇನ್ನೊಂದೂ ಬರಬಹುದು. ಕ್ಲಮೀಡಿಯಾ, ಗೊನೋರಿಯಾ, ಟ್ರೈಕೊಮೊನಾಸ್, ಹರ್ಪಿಸ್, ಸಿಫಿಲಿಸ್, ಎಚ್‌ಐವಿ. ಇವುಗಳಲ್ಲಿ ಕೆಲವು ಗರ್ಭಕೊರಳನ್ನ ಹುಣ್ಣು ಮಾಡ್ತವೆ, ಉರಿಯೂತ ಮಾಡ್ತವೆ. ಕ್ಲಮೀಡಿಯಾದಂಥ ಸೋಂಕು ಜೊತೆಗಿದ್ದರೆ ಎಚ್‌ಪಿವಿ ಬೇಗ ಬಿಟ್ಟುಹೋಗಲ್ಲ ಅಂತ ಅಧ್ಯಯನಗಳು ಹೇಳ್ತವೆ. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಅಪಾಯ ಇತರರಿಗಿಂತ 6 ಪಟ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಇನ್ನೊಂದು ಕಷ್ಟ ಏನಂದ್ರೆ, ಕ್ಲಮೀಡಿಯಾ ಬಂದ ಬಹುಪಾಲು ಹೆಂಗಸರಿಗೆ ಯಾವ ಲಕ್ಷಣವೂ ಕಾಣಲ್ಲ. ಎಚ್‌ಪಿವಿಗಂತೂ ನೋವೂ ಇಲ್ಲ, ವಾಸನೆಯೂ ಇಲ್ಲ.

ಹೆದರಿಸೋಕೆ ಬರೀತಿಲ್ಲ. ಬಿಳುಪು ಅಂದರೆ ಕ್ಯಾನ್ಸರ್ ಅಲ್ಲ. ಸ್ವಲ್ಪ ಬಿಳುಪು ಎಲ್ಲ ಹೆಂಗಸರಿಗೂ ಸಹಜ. ವಾಸನೆ, ತುರಿಕೆ ಇದ್ದರೂ ಎಲ್ಲವೂ ಲೈಂಗಿಕ ಸೋಂಕಲ್ಲ, ಫಂಗಸ್ಸಿಂದಲೂ ಬರುತ್ತೆ. ಆದರೆ ಯಾವುದು ಯಾವುದು ಅಂತ ನೋಡದೆ ಹೇಳೋಕೆ ಆಗಲ್ಲ.

ಈಗ ಚಿಕ್ಕವ್ವನ ಮಾತ್ರೆಗೆ ಬರ್ತೀನಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕಿಗೆ ಬಣ್ಣದ ಕಿಟ್‌ಗಳಲ್ಲಿ ಔಷಧ ಕೊಡುವ ಪದ್ಧತಿ ಇದೆ. ಲ್ಯಾಬ್ ಇಲ್ಲದ ಕಡೆ ಲಕ್ಷಣ ನೋಡಿ ಔಷಧ ಕೊಡಲಿ ಅಂತ ಮಾಡಿದ್ದು. ಉದ್ದೇಶ ಒಳ್ಳೇದೇ, ಬಡವರಿಗೆ ಅನುಕೂಲವೂ ಆಗಿದೆ. ಚಿಕ್ಕವ್ವನಿಗೆ ಪ್ರತಿ ಸಲ ಸಿಕ್ಕಿದ್ದು ಹಸಿರು ಕಿಟ್. ಅದರಲ್ಲಿದ್ದದ್ದು ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್. ಇವು ಯೋನಿಯ ಸೋಂಕಿಗೆ. ಗರ್ಭಕೊರಳಿನ ಸೋಂಕಿಗೆ, ಅಂದ್ರೆ ಕ್ಲಮೀಡಿಯಾ ಗೊನೋರಿಯಾಗೆ, ಬೂದು ಬಣ್ಣದ ಕಿಟ್ ಬೇರೆ ಇತ್ತು. ಅದರಲ್ಲಿ ಅಜಿತ್ರೋಮೈಸಿನ್ ಮತ್ತು ಸೆಫಿಕ್ಸಿಮ್. ಬಿಳುಪು ಯೋನಿಯಿಂದ ಬರ್ತಿದೆಯೋ ಗರ್ಭಕೊರಳಿಂದ ಬರ್ತಿದೆಯೋ ಅಂತ ಸ್ಪೆಕ್ಯುಲಮ್ ಹಾಕಿ ನೋಡಿ ಕಿಟ್ ಕೊಡಿ ಅಂತ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತೆ. ಆದೇಶ ಕಾಗದದಲ್ಲಿತ್ತು, ಪರೀಕ್ಷೆ ಆಗಲಿಲ್ಲ. ನೋಡಿದ್ದರೆ ಸರಿಯಾದ ಕಿಟ್ ಸಿಗ್ತಿತ್ತು ಅನ್ನೋದು ಒಂದು. ಅದಕ್ಕಿಂತ ದೊಡ್ಡದು, ಗರ್ಭಕೊರಳ ಮೇಲಿನ ಗಾಯ ಮೊದಲ ವರ್ಷವೇ ಕಣ್ಣಿಗೆ ಬೀಳ್ತಿತ್ತೇನೋ.

ಯಾಕೆ ನೋಡಲಿಲ್ಲ? ಜಾತಿಯಿಂದಲೇ ಮುಟ್ಟಲಿಲ್ಲ ಅಂತ ನಾನು ಸಾಬೀತು ಮಾಡಲಾರೆ. ಆ ಆಸ್ಪತ್ರೇಲಿ ಪರದೆ ಇರಲಿಲ್ಲ, ದಿನಕ್ಕೆ ನೂರಾರು ಜನ, ಲೇಡಿ ಡಾಕ್ಟರ್ ಪೋಸ್ಟ್ ಖಾಲಿ. ಇದೆಲ್ಲ ನಿಜ. ಆದರೆ ಚಿಕ್ಕವ್ವ ಸಾಯೋಕೆ ಮುಂಚೆ ನನಗೆ ಹೇಳಿದ ಮಾತು ಮರೆಯೋಕೆ ಆಗಿಲ್ಲ: "ಮಗಾ, ನಾನು ಹೋದಾಗೆಲ್ಲ ಬಾಗಿಲ ಹತ್ರಾನೇ ಕೇಳೋರು, ಬಿಳುಪಾ ಅಂತ. ಹೂಂ ಅಂದ್ರೆ ಅಲ್ಲೇ ಬರೆದು ಕೊಡೋರು. ಹತ್ರ ಕರೀಲೇ ಇಲ್ಲ." ಊರೊಳಗೆ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಾಗ ಅದು ಏನು ಅಂತ ನಮಗೆ ಗೊತ್ತಿತ್ತು, ಹೋರಾಟ ಮಾಡಿದ್ವಿ. ಆಸ್ಪತ್ರೇಲಿ ಮುಟ್ಟದೆ ಮಾತ್ರೆ ಕೊಟ್ಟಾಗ "ಬೇಗ ಕೆಲಸ ಆಯ್ತು" ಅಂತ ಖುಷಿಯಾಗಿ ವಾಪಸ್ ಬಂದ್ವಿ.

ಇನ್ನೊಂದು ವಿಷಯ ಹೇಳಬೇಕು, ಗಂಡಸರು ಇಲ್ಲಿ ಗಮನ ಕೊಡಿ. ಹನ್ನೊಂದು ಸಲ ಮಾತ್ರೆ ತಂದವಳು ಚಿಕ್ಕವ್ವ ಒಬ್ಬಳೇ. ಚಿಕ್ಕಪ್ಪ ಒಂದು ಸಲವೂ ಹೋಗಲಿಲ್ಲ. ಇಂಥ ಸೋಂಕಿಗೆ ಹೆಂಡತಿಗೆ ಮಾತ್ರ ಔಷಧ ಕೊಟ್ಟು ಗಂಡನಿಗೆ ಕೊಡದಿದ್ದರೆ, ಗುಣವಾದವಳಿಗೆ ಅವನಿಂದಲೇ ಮತ್ತೆ ಬರುತ್ತೆ. ತೂತು ಕೊಡಕ್ಕೆ ನೀರು ಹುಯ್ದಂಗೆ. ಚಿಕ್ಕಪ್ಪನಿಗೆ ಹೇಳಿದ್ದಕ್ಕೆ, "ನನಗೇನಾಗಿದೆ? ನಾನು ಗಟ್ಟಿಮುಟ್ಟಾಗಿದ್ದೀನಿ" ಅಂತ ರೇಗಿದ್ದರಂತೆ. ಗಂಡಸರಿಗೂ ಎಷ್ಟೋ ಸಲ ಲಕ್ಷಣ ಕಾಣಲ್ಲ. ವೇದಿಕೆ ಮೇಲೆ ಸಮಾನತೆ ಬಗ್ಗೆ ಗಂಟೆಗಟ್ಟಲೆ ಮಾತಾಡೋ ಅಣ್ಣಂದಿರೇ, ಹೆಂಡತಿ "ನೀವೂ ಒಂದ್ಸಲ ತೋರಿಸ್ಕೊಳ್ಳಿ" ಅಂದಾಗ ನೀವೇನು ಅಂದ್ರಿ? ಯೋಚನೆ ಮಾಡಿ. ಜಿಲ್ಲಾಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇದೆ. ಉಚಿತ. ಯಾರೂ ನಿಮ್ಮ ಹೆಸರು ಡಂಗೂರ ಹೊಡೆಯಲ್ಲ.

ಮಾತ್ರೆ ಕೊಟ್ಟು ಕಳಿಸೋದು ಒಂದು ಅನ್ಯಾಯ. ಇದರ ಇನ್ನೊಂದು ತುದಿಯಲ್ಲಿ ಕತ್ತರಿ ಇದೆ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಏನಾಯ್ತು ನೆನಪಿದೆಯಾ? ಬಿಳುಪು, ಹೊಟ್ಟೆನೋವು ಅಂತ ಖಾಸಗಿ ಆಸ್ಪತ್ರೆಗೆ ಹೋದ ಹೆಂಗಸರಿಗೆ "ಕ್ಯಾನ್ಸರ್ ಆಗುತ್ತೆ" ಅಂತ ಹೆದರಿಸಿ ಗರ್ಭಕೋಶವನ್ನೇ ತೆಗೆದುಹಾಕಿದ್ರು. ಬಹಳಷ್ಟು ಜನ ಲಂಬಾಣಿ ತಾಂಡಾದವರು, ದಲಿತ ಹೆಂಗಸರು. ಮೂವತ್ತೈದು ದಾಟದವರೂ ಇದ್ದರು. ಕರ್ನಾಟಕ ಜನಾರೋಗ್ಯ ಚಳವಳಿಯವರು ಹಳ್ಳಿಹಳ್ಳಿ ಸುತ್ತಿ ಅದನ್ನ ಹೊರಗೆ ತಂದರು. ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಮಾತ್ರೆಯಲ್ಲಿ ವಾಸಿಯಾಗುವ ಸೋಂಕಿಗೆ ಸಾಲ ಮಾಡಿಸಿ ಗರ್ಭಕೋಶ ಕಿತ್ತರು. ನಿಜವಾಗಿ ಕ್ಯಾನ್ಸರ್ ಬೆಳೀತಿದ್ದವಳಿಗೆ ಮಾತ್ರೆ ಕೊಟ್ಟು ಕಳಿಸಿದರು. ಎರಡೂ ಕಡೆ ನಡೆಯದೇ ಇದ್ದದ್ದು ಪರೀಕ್ಷೆ.

ಆ ಪರೀಕ್ಷೆ ಏನು ಮಹಾ ದುಬಾರಿಯೂ ಅಲ್ಲ. ವಯಾ ಅಂತ ಕರೀತಾರೆ. 3ರಿಂದ 5 ಪರ್ಸೆಂಟಿನ ಅಸಿಟಿಕ್ ಆಸಿಡ್, ಹೆಚ್ಚುಕಮ್ಮಿ ಅಡುಗೆಮನೆಯ ವಿನೆಗರ್, ಹತ್ತಿಯಲ್ಲಿ ಅದ್ದಿ ಗರ್ಭಕೊರಳಿಗೆ ಹಚ್ಚಿ ಒಂದು ನಿಮಿಷ ಕಾಯೋದು. ತೊಂದರೆ ಇರೋ ಜಾಗ ಬೆಳ್ಳಗಾಗುತ್ತೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳಲ್ಲಿ ಸುಮಾರು 1.5 ಲಕ್ಷ ಹೆಂಗಸರನ್ನ ಸೇರಿಸಿಕೊಂಡು ಇದರ ಅಧ್ಯಯನ ಮಾಡಿದರು. ಪರೀಕ್ಷೆ ಮಾಡಿದ್ದು ಡಾಕ್ಟರುಗಳಲ್ಲ. ಹತ್ತನೇ ಕ್ಲಾಸ್ ಓದಿದ, ಕೆಲವು ವಾರ ತರಬೇತಿ ಪಡೆದ ಹೆಂಗಸರು. 2013ರಲ್ಲಿ ಫಲಿತಾಂಶ ಬಂತು: ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವು 31 ಪರ್ಸೆಂಟ್ ಕಮ್ಮಿ. ಹೋಲಿಕೆಗೆ ಇಟ್ಟುಕೊಂಡ ಇನ್ನೊಂದು ಗುಂಪಿನ ಹೆಂಗಸರಿಗೆ ತಿಳುವಳಿಕೆ ಕೊಟ್ಟರೇ ಹೊರತು ಪರೀಕ್ಷೆ ಮಾಡಲಿಲ್ಲ. ಇದು ನ್ಯಾಯವಾ ಅಂತ ಆಗಲೇ ಪ್ರಶ್ನೆಗಳು ಎದ್ದವು. ಬಡ ಹೆಂಗಸರ ಮೈಯಿಂದ ಕಲಿತ ಪಾಠ ಅದು. ಆಮೇಲೆ ಏನಾಯ್ತು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ದೇಶದಲ್ಲಿ ನೂರಕ್ಕೆ 2 ಜನವೂ ಇಲ್ಲ. 2022ರ ಅಂದಾಜಿನಂತೆ ಈ ಕ್ಯಾನ್ಸರ್ ಭಾರತದಲ್ಲಿ ಆ ಒಂದು ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಬಂತು, ಸುಮಾರು 80 ಸಾವಿರ ಜನ ಸತ್ತರು.

ಲಸಿಕೆ ಬಗ್ಗೆ ನಮ್ಮ ಗುಂಪುಗಳಲ್ಲೇ ಜಗಳ ನಡೀತಿದೆ. ಅದಕ್ಕೂ ನೇರವಾಗಿ ಹೇಳ್ತೀನಿ. 2009–10ರಲ್ಲಿ ಆಗಿನ ಆಂಧ್ರದ ಖಮ್ಮಂ, ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿದರು. ಖಮ್ಮಂನಲ್ಲಿ ಹಾಸ್ಟೆಲಿನ ಆದಿವಾಸಿ ಮಕ್ಕಳಿಗೆ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ವಾರ್ಡನ್ನುಗಳು ಸಹಿ ಹಾಕಿದ್ದರು. ಏಳು ಮಕ್ಕಳು ತೀರಿಕೊಂಡರು, ಯೋಜನೆ ನಿಂತಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನ ಕಟುವಾಗಿ ಟೀಕಿಸಿತು. ಸಾವಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಾಣಲಿಲ್ಲ. ಒಪ್ಪಿಗೆ ಕೇಳದೇ ಇದ್ದದ್ದು ಮಾತ್ರ ಸತ್ಯ. ಹಾಗಾಗಿ "ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡಬೇಡಿ" ಅನ್ನೋ ಸಿಟ್ಟು ಸರಿ. ಆದರೆ ಆ ಸಿಟ್ಟಲ್ಲಿ "ಲಸಿಕೆಯೇ ಬೇಡ" ಅನ್ನೋ ವಾಟ್ಸಾಪ್ ಮೆಸೇಜ್ ಹಂಚಬೇಡಿ. ಈ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 70ಕ್ಕೆ ಕಾರಣ ಎಚ್‌ಪಿವಿ 16 ಮತ್ತು 18. ಲಸಿಕೆ ಅವೆರಡನ್ನೂ ತಡೆಯುತ್ತೆ. ಜಗತ್ತಿನ ಎಷ್ಟೋ ದೇಶಗಳಲ್ಲಿ ವರ್ಷಗಳಿಂದ ಹಾಕ್ತಿದ್ದಾರೆ. ಉಳ್ಳವರು ತಮ್ಮ ಮಕ್ಕಳಿಗೆ ಸಾವಿರಾರು ರೂಪಾಯಿ ಕೊಟ್ಟು ಹಾಕಿಸ್ತಿದ್ದಾರೆ, ನಾವು ಬೇಡ ಅಂತ ಕೂರೋದಾ? ಹಾಕಿ, ಉಚಿತವಾಗಿ ಹಾಕಿ, ಆದರೆ ನಮ್ಮ ಭಾಷೆಯಲ್ಲಿ ವಿವರಿಸಿ ನಮ್ಮನ್ನ ಕೇಳಿ ಹಾಕಿ. ಇದು ನಮ್ಮ ನಿಲುವು ಆಗಬೇಕು. ಒಂದು ನೆನಪಿರಲಿ, ಲಸಿಕೆ 9ರಿಂದ 14 ವರ್ಷದ ಮಕ್ಕಳಿಗೆ ಹೆಚ್ಚು ಉಪಯೋಗ. ಈಗ ನಲವತ್ತಾದ ಚಿಕ್ಕವ್ವಂದಿರಿಗೆ ಬೇಕಿರೋದು ತಪಾಸಣೆ.

ನಾವು ಕೇಳಬೇಕಾದ್ದು ಇಷ್ಟು:

1. ಬಿಳುಪು ಅಂತ ಬಂದ ಹೆಂಗಸನ್ನ ಒಳಗೆ ನೋಡದೆ ಬರೀ ಮಾತ್ರೆ ಕೊಟ್ಟು ಕಳಿಸಬಾರದು. ಪ್ರತಿ ಪಿಎಚ್‌ಸಿಯಲ್ಲಿ ಪರದೆ, ಮಂಚ, ಲೈಟು, ಸ್ಪೆಕ್ಯುಲಮ್, ತರಬೇತಿಯಾದ ಸಿಸ್ಟರ್ ಇರಬೇಕು.

2. ಅದೇ ದಿನ, ಅದೇ ಕಡೆ, ಅವಳ ಒಪ್ಪಿಗೆ ಪಡೆದು ಸಿಫಿಲಿಸ್, ಎಚ್‌ಐವಿ ಪರೀಕ್ಷೆ, ಮೂವತ್ತು ದಾಟಿದ್ದರೆ ಗರ್ಭಕೊರಳಿನ ತಪಾಸಣೆ. ಕೂಲಿ ಬಿಟ್ಟು ಬಂದವಳನ್ನ ಮೂರು ಕಡೆ ಮೂರು ದಿನ ಅಲೆಸಬೇಡಿ.

3. ಗಂಡನಿಗೂ ಔಷಧ. ಅವನನ್ನ ಕರೆಸೋದು ಆಸ್ಪತ್ರೆಯ ಜವಾಬ್ದಾರಿ. ಹೊಡೆತ ತಿನ್ನೋ ಹೆಂಡತಿ ತಲೆ ಮೇಲೆ ಅದನ್ನ ಹೊರಿಸಬೇಡಿ.

4. ಎಚ್‌ಐವಿ ಇರುವ ಹೆಂಗಸರಿಗೆ 25ನೇ ವಯಸ್ಸಿಂದಲೇ ತಪಾಸಣೆ ಶುರು ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎಆರ್‌ಟಿ ಮಾತ್ರೆ ಕೊಡುವ ಕಡೆಯೇ ಅದು ಆಗಬೇಕು. ದೇವದಾಸಿ ಪದ್ಧತಿಯನ್ನ 1982ರ ಕಾಯ್ದೆ ನಿಷೇಧಿಸಿತು, ಆದರೆ ಅದಕ್ಕೆ ಬಲಿಯಾದ ನಮ್ಮ ಅಕ್ಕತಾಯಂದಿರ ಮೈಗೆ ಅಂಟಿದ ಕಾಯಿಲೆಯನ್ನ ಯಾವ ಕಾಯ್ದೆಯೂ ವಾಸಿ ಮಾಡಲಿಲ್ಲ. ಮೊದಲ ಸರದಿ ಅವರದ್ದು, ಪೌರಕಾರ್ಮಿಕ ಹೆಂಗಸರದ್ದು.

5. ದುಡ್ಡಿಲ್ಲ ಅನ್ನಬೇಡಿ. 2013ರ ಕಾಯ್ದೆಯಂತೆ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಗೆ ಹಣ ಮೀಸಲಿಡಲೇಬೇಕು. ಅದರಿಂದ ಸಾವಿರಾರು ಕೋಟಿ ಬೇರೆ ಯೋಜನೆಗಳಿಗೆ ಹೋಗ್ತಿರೋದನ್ನ ನಾವೇ ಬೀದೀಲಿ ನಿಂತು ಪ್ರಶ್ನೆ ಮಾಡಿದ್ದೀವಿ. ಆ ದುಡ್ಡಲ್ಲಿ ನಮ್ಮ ಕೇರಿಗಳಿಗೆ ಎಚ್‌ಪಿವಿ ಟೆಸ್ಟ್ ತನ್ನಿ. ಭವನ ಕಟ್ಟೋದು ಒಂದು ವರ್ಷ ತಡ ಆದರೂ ಪರವಾಗಿಲ್ಲ.

ಹೆಣ್ಣುಮಕ್ಕಳಿಗೆ ಎರಡು ಮಾತು. ಸಂಭೋಗ ಆದಮೇಲೆ ರಕ್ತ ಬಂದರೆ, ಮುಟ್ಟು ನಿಂತಮೇಲೆ ಮತ್ತೆ ರಕ್ತ ಕಂಡರೆ, ಎರಡು ಮುಟ್ಟಿನ ನಡುವೆ ರಕ್ತ ಹೋದರೆ, ವಾಸನೆಯ ಬಿಳುಪು ಔಷಧ ತಗೊಂಡರೂ ತಿರುಗಿ ತಿರುಗಿ ಬಂದರೆ, ತಡ ಮಾಡಬೇಡಿ. "ಒಳಗೆ ನೋಡಿ ಪರೀಕ್ಷೆ ಮಾಡಿ" ಅಂತ ಬಾಯಿಬಿಟ್ಟು ಕೇಳಿ. ಅದು ನಾಚಿಕೆಯಲ್ಲ, ನಿಮ್ಮ ಹಕ್ಕು. ಮೂವತ್ತು ದಾಟಿದ್ದರೆ ಏನೂ ತೊಂದರೆ ಇಲ್ಲದಿದ್ದರೂ ಒಮ್ಮೆ ತಪಾಸಣೆ ಮಾಡಿಸಿ. ಪರೀಕ್ಷೆ ಇಲ್ಲದೆ ಗರ್ಭಕೋಶ ತೆಗೆಸು ಅಂದರೆ ಇನ್ನೊಬ್ಬ ಡಾಕ್ಟರನ್ನ ಕೇಳದೆ ಒಪ್ಪಬೇಡಿ. ಚೀಟಿಗಳನ್ನ ಬಿಸಾಕಬೇಡಿ.

ಈಗ ಆ ಹಿರಿಯರಿಗೆ. ಅಣ್ಣಾ, ಬಾಬಾಸಾಹೇಬರ ವೇದಿಕೆ ಮೇಲೆ ಇದೆಲ್ಲ ಬೇಡ ಅಂದ್ರಿ. ಮುಂಬೈಯಲ್ಲಿ ರಘುನಾಥ ಧೋಂಡೊ ಕರ್ವೆ ಅನ್ನೋರು 'ಸಮಾಜ ಸ್ವಾಸ್ಥ್ಯ' ಅಂತ ಒಂದು ಪತ್ರಿಕೆ ನಡೆಸ್ತಿದ್ದರು. ಲೈಂಗಿಕ ಆರೋಗ್ಯದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮುಚ್ಚುಮರೆ ಇಲ್ಲದೆ ಉತ್ತರ ಬರೀತಿದ್ದರು. ಅಶ್ಲೀಲ ಅಂತ ಕೇಸ್ ಹಾಕಿದರು. 1934ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ಕರ್ವೆ ಪರವಾಗಿ ಕರಿಕೋಟು ಹಾಕಿ ನಿಂತವರು ಯಾರು ಗೊತ್ತಾ? ಬಾಬಾಸಾಹೇಬರೇ. ಕೇಸ್ ಸೋತರು. ಆದರೆ ಲೈಂಗಿಕ ವಿಷಯ ಬರೆದರೆ ಅಶ್ಲೀಲ ಅಲ್ಲ ಅಂತ ಕೋರ್ಟಲ್ಲಿ ನಿಂತು ವಾದಿಸಿದರು. 1938ರಲ್ಲಿ ಸಂತಾನ ನಿಯಂತ್ರಣದ ನಿರ್ಣಯ ಮುಂಬೈ ಶಾಸನಸಭೆಗೆ ಬಂದದ್ದೂ ಅವರ ಪಕ್ಷದಿಂದಲೇ. ಅವರು ಕೋರ್ಟಲ್ಲಿ, ಶಾಸನಸಭೆಯಲ್ಲಿ ಮಾತಾಡಿದ ವಿಷಯವನ್ನ ಅವರ ಫೋಟೋ ಮುಂದೆ ಮಾತಾಡೋಕೆ ನಮಗೆ ನಾಚಿಕೆಯಾ?

ಮುಂದಿನ ಭಾನುವಾರ ಇನ್ನೊಂದು ಸಭೆ ಇದೆ. ಚಿಕ್ಕವ್ವನ ಆ ಕವರ್ ತಗೊಂಡು ಬರ್ತೀನಿ. ಹನ್ನೊಂದು ಚೀಟಿ ಟೇಬಲ್ ಮೇಲೆ ಸಾಲಾಗಿ ಇಡ್ತೀನಿ. ನೋಡಿ ಆಮೇಲೆ ಬೇಡ ಅನ್ನಿ.

ನಿಮ್ಮ ಊರಲ್ಲೂ ಜಯಂತಿ ಸಭೆ ನಡೀತಿರುತ್ತೆ. ಅರ್ಧ ಗಂಟೆ ಕೇಳಿ. ಕೊಡದಿದ್ದರೆ ಇಲ್ಲಿ ಬಂದು ಹೇಳಿ, ಮಾತಾಡೋಣ.

ಜೈಭೀಮ್.